ಕ್ರೋನ್ಸ್‌ಗೆ ‘ದೇಸಿ’ ಡಯಟ್ ಚಾರ್ಟ್ ತಗೊಂಡು ಆಸ್ಪತ್ರೆ ಸೇರಿದೆ, ನೀವು ಹುಷಾರು

ಮೊನ್ನೆ ಗೆಳೆಯನೊಬ್ಬ ವಾಟ್ಸಾಪ್‌ನಲ್ಲಿ ಒಂದು ಡಯಟ್ ಚಾರ್ಟ್ ಕಳಿಸಿದ. “ನಮ್ಮ ಭಾವಗೂ ಕ್ರೋನ್ಸ್ ಅಂತ ಗೊತ್ತಾತು. ಇದನ್ನ ಶುರು ಮಾಡ್ಯಾರ, ನೀನೂ ನೋಡು” ಅಂತ. ತೆರೆದು ನೋಡಿದರೆ, ಹೋದ ವರ್ಷ ನಾನು 12,000 ರೂಪಾಯಿ ಕೊಟ್ಟು ತಗೊಂಡಿದ್ದ ಅದೇ ಚಾರ್ಟ್! ಮೇಲಿನ ಹೆಸರು ಮಾತ್ರ ಬೇರೆ.

ನಮ್ಮದು ಗದಗ. ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ನನಗೆ ನಾಲ್ಕು ವರ್ಷದಿಂದ ಕ್ರೋನ್ಸ್ ಇದೆ, ಅಂದರೆ ಕರುಳಿನಲ್ಲಿ ಊತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ. ನನಗಿರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಏನು ತಿನ್ನಬೇಕು ಅಂತ ಡಾಕ್ಟರನ್ನು ಕೇಳಿದರೆ “ಖಾರ ಕಡಿಮೆ ಮಾಡಿ” ಎನ್ನುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಿರುತ್ತಿದ್ದರು. ಹಾಗಾಗಿ ಆನ್‌ಲೈನ್‌ನಲ್ಲಿ ಕರುಳಿನ ಆರೋಗ್ಯಕ್ಕೆ ಸಲಹೆ ಕೊಡುವ ಒಬ್ಬ ‘ಗಟ್ ಕೋಚ್’ ಹತ್ತಿರ ಹೋದೆ. ಇಸ್ರೇಲಿನ ವೈದ್ಯರು ರೂಪಿಸಿದ ಡಯಟ್ ಇದೆ, ಅದನ್ನು ನಿಮ್ಮ ಕಡೆಯ ಊಟಕ್ಕೆ ಹೊಂದಿಸಿ ಕೊಡ್ತೀನಿ ಅಂದ.

ಆ ಡಯಟ್ ಸುಳ್ಳಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕ್ರೋನ್ಸ್ ಇದ್ದ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿತ್ತು. ದಿನಾ ಕೋಳಿಯ ಎದೆಮಾಂಸ, ಎರಡು ಮೊಟ್ಟೆ, ಬೇಯಿಸಿ ಆರಿಸಿದ ಆಲೂಗಡ್ಡೆ, ಬಾಳೆಹಣ್ಣು, ಸೇಬು. ಗೋಧಿ, ಹಾಲು, ಪ್ಯಾಕೆಟ್ ತಿಂಡಿ ಬಂದ್. ಇಷ್ಟು ಎಲ್ಲ ಕಡೆ ಓದಲು ಸಿಗುತ್ತದೆ. ಆದರೆ ಮೊದಲ ಆರು ವಾರ ಆ ಮಕ್ಕಳ ಅರ್ಧ ಕ್ಯಾಲರಿ ಬಂದಿದ್ದು ಊಟದಿಂದಲ್ಲ, ಡಾಕ್ಟರ್ ಬರೆದುಕೊಡುವ ಡಬ್ಬಿಯ ಪೌಷ್ಟಿಕ ಪೇಯದಿಂದ. ಇದು ನನಗೆ ಗೊತ್ತಾಗಿದ್ದು ಆಸ್ಪತ್ರೆ ಮಂಚದ ಮೇಲೆ.

ನಮ್ಮ ಕೋಚ್ ಮೊದಲು ಆ ಡಬ್ಬಿಯನ್ನೇ ಕಿತ್ತುಹಾಕಿದ, “ಅದೆಲ್ಲ ಕೆಮಿಕಲ್.” ಆಮೇಲೆ ಅನ್ನ ತೆಗೆದ, “ಅನ್ನ ಅಂದ್ರೆ ಸಕ್ಕರೆ.” ತಮಾಷೆ ಅಂದ್ರೆ, ಮೂಲ ಡಯಟ್‌ನಲ್ಲಿ ಮೊದಲ ದಿನದಿಂದಲೇ ಬಿಳಿ ಅನ್ನ ತಿನ್ನಬಹುದು. ಕೋಳಿ, ಮೊಟ್ಟೆಯ ಜಾಗಕ್ಕೆ ಮೊಳಕೆ ಬರಿಸಿದ ಮಡಿಕೆ ಕಾಳು, ಪುಂಡಿಪಲ್ಯ, ಜೋಳದ ರೊಟ್ಟಿ, ಜೊತೆಗೆ ಹಸಿ ಸೊಪ್ಪು, ಮೂಲಂಗಿ. “ನಿಮ್ಮ ಅಜ್ಜ ತಿಂದಿದ್ದನ್ನೇ ತಿನ್ನಿ” ಅಂದ. ಕೇಳೋಕೆ ಎಷ್ಟು ಚೆಂದ ಅಲ್ವಾ?

ಅಜ್ಜನ ಕರುಳು ಕಿರಿದಾಗಿರಲಿಲ್ಲ. ನನ್ನದು ಆಗಿತ್ತು. ಹಳೇ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಸ್ಟ್ರಿಕ್ಚರ್’ ಅಂತ ಬರೆದಿತ್ತು, ಅಂದರೆ ಕರುಳು ಕಿರಿದಾದ ಜಾಗ. ಕಾಳು, ಹಸಿ ಸೊಪ್ಪಿನ ನಾರು ಅಲ್ಲಿ ಸಿಕ್ಕಿಕೊಳ್ಳಬಹುದು. ಆ ಪದದ ಅರ್ಥ ನಾನು ಆಗ ಕೇಳಿರಲಿಲ್ಲ. ಕೋಚ್ ರಿಪೋರ್ಟನ್ನೇ ಕೇಳಲಿಲ್ಲ.

ಎರಡು ತಿಂಗಳಲ್ಲಿ 61 ಕೆಜಿಯಿಂದ 53ಕ್ಕೆ ಇಳಿದೆ. ಅವ್ವ “ಯಪ್ಪಾ, ಒಂದು ತುತ್ತು ಅನ್ನರ ಉಣ್ಣೋ” ಅಂತ ದಿನಾ ಗೋಗರೆಯುತ್ತಿದ್ದಳು. ಕೋಚ್ ಮಾತ್ರ “ವಿಷ ಹೊರಗೆ ಹೋಗ್ತಿದೆ” ಅನ್ನುತ್ತಿದ್ದ. ಒಂದು ರಾತ್ರಿ ಕಾಳಿನ ಪಲ್ಯ ಉಂಡ ಮೇಲೆ ಹೊಟ್ಟೆ ಹಿಂಡಿದಂಗೆ ನೋವು ಶುರುವಾಯಿತು. ಹೊಟ್ಟೆ ಉಬ್ಬಿ ಡೊಳ್ಳಿನಂತಾಯಿತು. ವಾಂತಿ. ಗಾಳಿ ಕೂಡ ಹೋಗುತ್ತಿಲ್ಲ. ಸುಮ್ನೆ ಗ್ಯಾಸ್ ಇರಬೇಕು ಅಂತ ಅಜವಾನದ ಕಷಾಯ ಕುಡಿದು ಬೆಳಗಿನವರೆಗೆ ಕಾದೆ. ಇದು ನಾನು ಮಾಡಿದ ಅತಿ ದೊಡ್ಡ ತಪ್ಪು. ಇಂಥ ಲಕ್ಷಣ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಹೊತ್ತಿನಲ್ಲೇ ಹೊರಡಿ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದಾಗ, ಕಿರಿದಾದ ಜಾಗದಲ್ಲಿ ಕರುಳು ಕಟ್ಟಿಕೊಂಡಿತ್ತು. ಮೂಗಿನಿಂದ ಹೊಟ್ಟೆಗೆ ನಳಿಕೆ, ಡ್ರಿಪ್, ಸ್ಟಿರಾಯ್ಡ್. ಆರು ದಿನ ಬಾಯಿಗೆ ಏನೂ ಇಲ್ಲ. ಆಪರೇಷನ್ ಸ್ವಲ್ಪದರಲ್ಲಿ ತಪ್ಪಿತು. ಪುಣ್ಯಕ್ಕೆ ಮಾತ್ರೆ ಬಿಟ್ಟಿರಲಿಲ್ಲ. ಬಿಡಿ ಅಂತಲೂ ಕೋಚ್ ಹೇಳಿದ್ದ.

ಅಲ್ಲಿನ ಡಯಟಿಷಿಯನ್ ಮೇಡಂ ಮೊದಲು ಸ್ಕ್ಯಾನ್ ನೋಡಿದರು. ಆಮೇಲೆ ಕೇಳಿದ್ದು “ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ?” ಅಂತ. ಅವ್ವನನ್ನೇ ಕೂರಿಸಿಕೊಂಡು ಮಾತಾಡಿದರು. ಗೋಧಿ ಬದಲು ಅಕ್ಕಿಯ ಒತ್ತು ಶಾವಿಗೆ, ಮೆತ್ತಗಿನ ಅನ್ನ. ಕಾಳಿನ ಬದಲು ಸೋಸಿದ ಹೆಸರುಬೇಳೆ ಕಟ್ಟು. ಸಿಪ್ಪೆ, ಬೀಜ ತೆಗೆದು ಚೆನ್ನಾಗಿ ಬೇಯಿಸಿದ ಸೋರೆಕಾಯಿ, ಹೀರೆಕಾಯಿ. ಸೇಬನ್ನೂ ಸಿಪ್ಪೆ ತೆಗೆದು ಬೇಯಿಸಬೇಕು. ಜೊತೆಗೆ ಡಬ್ಬಿಯ ಪೇಯ ಬೇಕೇ ಬೇಕು. ಅದು ದುಬಾರಿ, ನಿಜ, ಆದರೆ ತೂಕ ವಾಪಸ್ ಬಂದಿದ್ದು ಅದರಿಂದಲೇ. ಮೊಟ್ಟೆ ವಿಷಯಕ್ಕೆ ಮನೆಯಲ್ಲಿ ಒಂದು ವಾರ ರಗಳೆ ನಡೆಯಿತು. ಕೊನೆಗೆ ಮಾಳಿಗೆ ಮೇಲೆ ಬೇರೆ ಒಲೆ, ಬೇರೆ ಪಾತ್ರೆ ಬಂತು. ಅಪ್ಪ ಈಗಲೂ ಆ ಮೆಟ್ಟಿಲು ಹತ್ತುವುದಿಲ್ಲ. ರೊಟ್ಟಿ, ಸೊಪ್ಪು ಶಾಶ್ವತವಾಗಿ ಬಂದ್ ಏನಲ್ಲ, ಊತ ಇಳಿದ ಮೇಲೆ ಸ್ಕ್ಯಾನ್ ನೋಡಿ ಒಂದೊಂದೇ ಕೊಡ್ತೀವಿ ಅಂದಿದ್ದಾರೆ.

ಇದು ನನ್ನ ಕರುಳಿಗೆ ಬರೆದ ಪಟ್ಟಿ, ದಯವಿಟ್ಟು ಕಾಪಿ ಮಾಡಬೇಡಿ. ಕರುಳು ಕಿರಿದಾಗದವರಿಗೆ ನಾರು ಇಷ್ಟು ಕಡಿಮೆ ಮಾಡುವುದು ಬೇಕಿಲ್ಲದಿರಬಹುದು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಊತ, ಹುಣ್ಣು ಆಗುವ ಕಾಯಿಲೆ) ಇದ್ದವರ ಲೆಕ್ಕವೇ ಬೇರೆ. ಚಾರ್ಟ್ ಕೊಡುವವರು ನಿಮ್ಮ ಸ್ಕ್ಯಾನ್, ತೂಕ, ಮಾತ್ರೆಗಳ ಬಗ್ಗೆ ಕೇಳದೆ ಮೊದಲು ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಕೋಚ್ ಹತ್ತಿರ ಹಣ ವಾಪಸ್ ಕೇಳಿದೆ. “ನೀವು ಸರಿಯಾಗಿ ಫಾಲೋ ಮಾಡಿಲ್ಲ” ಅಂತ ಬರೆದು ಬ್ಲಾಕ್ ಮಾಡಿದ.

ಗೆಳೆಯನಿಗೆ ಫೋನ್ ಮಾಡಿ ಭಾವನ ಹಳೇ ರಿಪೋರ್ಟ್ ಹುಡುಕಿಸು ಅಂದೆ. ರಾತ್ರಿ ಫೋಟೋ ಬಂತು. ಮೂರನೇ ಸಾಲಿನಲ್ಲೇ ‘ಸ್ಟ್ರಿಕ್ಚರ್’ ಅಂತ ಇತ್ತು. ಕಾಳು, ಹಸಿ ಸೊಪ್ಪು ಅವತ್ತೇ ನಿಲ್ಲಿಸಿದ್ದಾರೆ. ಸೋಮವಾರ ಡಾಕ್ಟರ್ ಹತ್ತಿರ ಹೋಗ್ತಿದ್ದಾರೆ.