ಶುಂಠಿ ಬಿಯರ್‌ಗೆ ಅಂತ ತರಿಸಿದ ಕ್ಲಿಪ್ ಮುಚ್ಚಳದ ಬಾಟಲಿ: ಮೊದಲ ಬ್ಯಾಚ್ ಆದ ಮೇಲೆ

ಜಿಂಜರ್ ಬಿಯರ್ ಮನೆಯಲ್ಲೇ ಮಾಡೋಣ ಅಂತ ಹೊರಟಾಗ ತಲೆಯಲ್ಲಿ ಇದ್ದದ್ದು ಶುಂಠಿ, ಸಕ್ಕರೆ, ನಿಂಬೆಹಣ್ಣು, ಇಷ್ಟೇ. ಬಾಟಲಿಯ ಬಗ್ಗೆ ಜಾಸ್ತಿ ಯೋಚನೆ ಮಾಡಿರಲಿಲ್ಲ. ಚೆನ್ನಾಗಿ ಕಾಣುತ್ತದೆ ಅಂತ ಒಂದು ಸೆಟ್ ತರಿಸಿಬಿಟ್ಟೆ. ಈಗ ಮಾಡಿ, ಕುಡಿದು ನೋಡಿದ ಮೇಲೆ ಅನಿಸುತ್ತಿದೆ, ಬಾಟಲಿಯನ್ನೇ ಮೊದಲು ವಿಚಾರಿಸಬೇಕಿತ್ತು. ಹಾಗಾಗಿ ಈ ರಿವ್ಯೂ ಬಾಟಲಿಯದ್ದು.

ಆನ್‌ಲೈನಲ್ಲಿ ತರಿಸಿದ್ದು, ಅರ್ಧ ಲೀಟರಿನ ನಾಲ್ಕು ಗಾಜಿನ ಬಾಟಲಿ, 840 ರೂಪಾಯಿ. ಪಿಂಗಾಣಿ ಬಿರಡೆ, ಅದಕ್ಕೊಂದು ರಬ್ಬರ್ ವಾಷರ್, ಬಿಗಿ ಹಿಡಿಯಲು ತಂತಿ ಕ್ಲಿಪ್. ಗೋಲಿ ಸೋಡಾದಲ್ಲಿ ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದಲ್ವಾ, ಇಲ್ಲಿ ತಂತಿ ಬಿರಡೆಯನ್ನು ಕೆಳಕ್ಕೆ ಒತ್ತಿ ಹಿಡಿಯುತ್ತದೆ. ಪ್ಯಾಕಿಂಗ್ ಚೆನ್ನಾಗಿತ್ತು, ಒಂದೂ ಒಡೆದಿರಲಿಲ್ಲ. ಅಡುಗೆಮನೆ ಕಟ್ಟೆಯ ಮೇಲೆ ಸಾಲಾಗಿ ಇಟ್ಟರೆ ನಿಜವಾಗಲೂ ಚೆಂದ.

ಮಾಡುವ ಕೆಲಸ ಕಷ್ಟವೇನಿಲ್ಲ. ಮೊಸರಿಗೆ ಬೇಕಾದ ಹಾಗೆ ಇದಕ್ಕೂ ಒಂದು ಹೆಪ್ಪು ಬೇಕು. ಅರ್ಧ ಲೀಟರ್ ನೀರಿಗೆ ದಿನಕ್ಕೊಂದು ದೊಡ್ಡ ಚಮಚ ತುರಿದ ಹಸಿ ಶುಂಠಿ, ಅಷ್ಟೇ ಸಕ್ಕರೆ. ಶುಂಠಿಯ ಸಿಪ್ಪೆ ತೆಗೆಯಬಾರದು, ಯೀಸ್ಟ್ ಇರುವುದು ಸಿಪ್ಪೆಯ ಮೇಲೇ. ನಲ್ಲಿ ನೀರಿನ ಕ್ಲೋರಿನ್ ಅದಕ್ಕೆ ಆಗಿಬರುವುದಿಲ್ಲ, ಅದಕ್ಕೇ ಕುದಿಸಿ ಆರಿಸಿದ ನೀರು ಹಾಕಿದೆ. ಭರಣಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಇಟ್ಟೆ. ಮೂರು ದಿನ ಏನೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಬಟ್ಟೆ ತೆಗೆದರೆ ಸಣ್ಣಗೆ ಸರ್ರ್ ಅನ್ನುವ ಸದ್ದು, ಮೇಲೆಲ್ಲ ನೊರೆ. ದೋಸೆ ಹಿಟ್ಟು ಉಬ್ಬಿದ ದಿನದ ಹಾಗೆಯೇ ಖುಷಿಯಾಯಿತು.

ಇಂಗ್ಲೆಂಡಿನಲ್ಲಿ ಹಿಂದೆ ಇದಕ್ಕೆ ಬೇರೆಯೇ ಹೆಪ್ಪು ಇತ್ತು. ಜೆಲ್ಲಿ ಉಂಡೆಗಳ ಹಾಗೆ ಇರುತ್ತಿತ್ತು, ಜಿಂಜರ್ ಬಿಯರ್ ಪ್ಲಾಂಟ್ ಅನ್ನುತ್ತಿದ್ದರು. ನಾವು ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ ಅಲ್ಲೂ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. 1892ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಅನ್ನುವ ಸಸ್ಯವಿಜ್ಞಾನಿ ಅದನ್ನು ಪರೀಕ್ಷಿಸಿ, ಅದು ಗಿಡವಲ್ಲ, ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಬಾಳುವ ಗುಂಪು ಅಂತ ತೋರಿಸಿದರು. ಅದಕ್ಕೂ ಮೊದಲು ಇದೇ ಮನುಷ್ಯ ಸಿಲೋನಿಗೆ ಹೋಗಿ ಕಾಫಿಯ ಎಲೆ ತುಕ್ಕು ರೋಗದ ಬಗ್ಗೆ ಕೆಲಸ ಮಾಡಿದ್ದರು. ಕಾಫಿ ತೋಟ ಇರುವವರಿಗೆ ಆ ರೋಗದ ಬಗ್ಗೆ ಹೇಳಬೇಕಾಗಿಲ್ಲ.

ಸರಿ, ಬಾಟಲಿಗೆ ಬರೋಣ. ಎರಡು ಲೀಟರ್ ನೀರಿಗೆ 120 ಗ್ರಾಂ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಕಾಲು ಗಂಟೆ ಕುದಿಸಿ, ಪೂರ್ತಿ ಆರಿಸಿ, ಸೋಸಿ, ಎರಡು ನಿಂಬೆಹಣ್ಣು ಹಿಂಡಿ, ಅರ್ಧ ಲೋಟ ಹೆಪ್ಪಿನ ನೀರು ಬೆರೆಸಿದೆ. ಕುತ್ತಿಗೆಯ ಹತ್ತಿರ ನಾಲ್ಕು ಬೆರಳಷ್ಟು ಜಾಗ ಬಿಟ್ಟು ನಾಲ್ಕೂ ಬಾಟಲಿ ತುಂಬಿಸಿದೆ. ಮಿಕ್ಕಿದ್ದನ್ನು ಒಂದು ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಗೆ ಹಾಕಿದೆ. ಗಾಜಿನ ಒಳಗೆ ಒತ್ತಡ ಎಷ್ಟಾಗಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ, ಪ್ಲಾಸ್ಟಿಕ್ ಆದರೆ ಒತ್ತಿ ನೋಡಬಹುದು. ಎಲ್ಲವನ್ನೂ ಬಕೆಟ್ಟಿನಲ್ಲಿಟ್ಟು ಮೇಲೆ ದಪ್ಪ ಟವೆಲ್ ಮುಚ್ಚಿದೆ. ಎರಡನೇ ದಿನ ಸಂಜೆಗೇ ಪ್ಲಾಸ್ಟಿಕ್ ಬಾಟಲಿ ಕಲ್ಲಿನ ಹಾಗೆ ಗಟ್ಟಿ. ತಕ್ಷಣ ಐದನ್ನೂ ಫ್ರಿಜ್ಜಿಗೆ ಸೇರಿಸಿದೆ.

ಮಾರನೇ ದಿನ ತೆಗೆದೆವು. ಮೊದಲ ಎರಡು ಗಾಜಿನ ಬಾಟಲಿ ಟಪ್ ಅಂತ ತೆರೆದವು, ಒಳ್ಳೇ ನೊರೆ, ಗಂಟಲಲ್ಲಿ ಶುಂಠಿಯ ಉರಿ, ಅಂಗಡಿಯ ಕ್ಯಾನಿನಲ್ಲಿ ಇಷ್ಟು ಖಾರ ನಾನು ಕುಡಿದಿಲ್ಲ. ಮೂರನೆಯದು ಅರೆಬರೆ. ನಾಲ್ಕನೆಯದರಲ್ಲಿ ಗ್ಯಾಸೇ ಇಲ್ಲ, ಬರೀ ಶುಂಠಿ ಪಾನಕ. ಬಿರಡೆ ತಿರುಗಿಸಿ ನೋಡಿದರೆ ವಾಷರ್ ತೆಳ್ಳಗೆ, ಒಂದು ಕಡೆ ಸೊಟ್ಟ. ಆಮೇಲೆ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡುವ ಹಾಗೆ, ಬಾಟಲಿಗೆ ಸೋಡಾ ತುಂಬಿಸಿ ನೀರಲ್ಲಿ ಮುಳುಗಿಸಿದೆ. ಎರಡರಲ್ಲಿ ಗುಳ್ಳೆ ಬಂತು. ನೀವೂ ತರಿಸಿದ ದಿನವೇ ಹೀಗೆ ನೋಡಿಬಿಡಿ.

ದಪ್ಪ ವಾಷರ್ ಹಾಕಿದರೆ ಸರಿಹೋಗುತ್ತದೆ ಅಂತ ಮಾರಿದವರನ್ನೇ ಕೇಳಿದೆ. ಅವರು ಕಳಿಸಿದ ಉತ್ತರ ಓದಿ ಎದೆ ಧಸಕ್ ಅಂದಿತು: ಈ ಬಾಟಲಿ ಎಣ್ಣೆ, ನೀರು, ಜ್ಯೂಸಿಗೆ ಮಾತ್ರ, ಗ್ಯಾಸ್ ಇರುವುದಕ್ಕೆ ಅಲ್ಲವಂತೆ. ಮಾರಾಟದ ಪುಟದಲ್ಲಿ ಈ ಮಾತು ಎಲ್ಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೇ. ವಾಷರ್ ಸೋರುತ್ತಿದ್ದಾಗ ಗ್ಯಾಸ್ ಹೊರಗೆ ಹೋಗುತ್ತಿತ್ತು. ಅದನ್ನು ಬಿಗಿ ಮಾಡಿದರೆ ಪೂರ್ತಿ ಒತ್ತಡ ಆ ತೆಳು ಗಾಜಿನ ಮೇಲೆ. ಒಡೆದರೆ ಚೂರುಗಳು ಅಡುಗೆಮನೆಯ ತುಂಬ ಹಾರುತ್ತವೆ. ಚೌಕ ಬಾಟಲಿಯಂತೂ ಮುಟ್ಟಲೇಬೇಡಿ, ಒತ್ತಡ ಮೂಲೆಗಳಲ್ಲಿ ಸೇರುತ್ತದೆ. ಬಿಯರ್ ತುಂಬಲೆಂದೇ ಮಾಡಿದ ದಪ್ಪ ಗಾಜಿನ ದುಂಡು ಬಾಟಲಿ ಬೇರೆಯೇ ಬರುತ್ತದೆ, ಹಾಗಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಬಿಯರ್ ಅಂತೀಯಲ್ಲ, ಮತ್ತು ಬರುತ್ತಾ?" ಯೀಸ್ಟ್ ಸಕ್ಕರೆ ತಿಂದು ಗ್ಯಾಸ್ ಜೊತೆಗೆ ಆಲ್ಕೋಹಾಲನ್ನೂ ಮಾಡುತ್ತದೆ. ಎರಡು ದಿನಕ್ಕೆ ಫ್ರಿಜ್ಜಿಗೆ ಹಾಕಿದರೆ ಸ್ವಲ್ಪವೇ ಇರುತ್ತದೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದಕ್ಕೇ ಮಕ್ಕಳಿಗೆ ಕೊಡಲಿಲ್ಲ, ಅವರಿಗೆ ಆ ನಾಲ್ಕನೇ ಬಾಟಲಿಯನ್ನೂ ಕೊಡಲಿಲ್ಲ.

ಎಣ್ಣೆ ತುಂಬಿಡಲು ಈ ಸೆಟ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಶುಂಠಿ ಬಿಯರ್‌ಗೆ ಒಂದು. ಐದರಲ್ಲಿ ಚೆನ್ನಾಗಿ ಬಂದದ್ದು ಆ ಸೋಡಾ ಬಾಟಲಿಯದ್ದೇ, ಕೊನೆಯ ಲೋಟದವರೆಗೂ ಗ್ಯಾಸ್ ಇತ್ತು. ಗ್ಯಾಸ್ ತಡೆಯಲೆಂದೇ ಮಾಡಿದ ಬಾಟಲಿ ತಾನೇ ಅದು. ಎರಡನೇ ಬ್ಯಾಚ್ ನಿನ್ನೆ ಅಂಥವೇ ಮೂರು ಬಾಟಲಿಗೆ ತುಂಬಿಸಿದ್ದೇನೆ. ಬೆಳಿಗ್ಗೆ ಒತ್ತಿ ನೋಡಿದೆ, ಇನ್ನೂ ಸ್ವಲ್ಪ ಮೆತ್ತಗಿದೆ.