ಕಕ್ಕಬ್ಬೆ ಕಡೆಯ ಹೋಂಸ್ಟೇಯಲ್ಲಿ ಮೂರು ರಾತ್ರಿ, 19 ಕಿಲೋ ಕಾಫಿ

ಗೋಣಿಕೊಪ್ಪದವಳು ದುಡ್ಡು ಕೊಟ್ಟು ಕಕ್ಕಬ್ಬೆ ಕಡೆ ಹೋಂಸ್ಟೇಗೆ ಹೋಗುತ್ತೇನೆ ಅಂದರೆ ಮನೆಯಲ್ಲಿ ಯಾರು ಸುಮ್ಮನಿರುತ್ತಾರೆ? "ಕೊಡಗಿನವರೇ ಕೊಡಗು ನೋಡೋಕೆ ಹೋಗ್ತಾರಾ?" ಅಂದರು ಅತ್ತೆ. ಯಜಮಾನರು ಏನೂ ಅನ್ನಲಿಲ್ಲ. ಬ್ಯಾಗ್ ತೆಗೆದುಕೊಂಡು ಹೋಗಿ ಕಾರಿನಲ್ಲಿಟ್ಟರು. ನನ್ನ ಸ್ಥಿತಿ ಅವರಿಗೆ ಗೊತ್ತಿತ್ತು.

ನನಗೆ 48 ವರ್ಷ. ಬ್ಯಾಂಕಿನಲ್ಲಿ 22 ವರ್ಷದಿಂದ ಇದ್ದೇನೆ, ಅದರಲ್ಲಿ ಜಾಸ್ತಿ ವರ್ಷ ಬೆಳೆ ಸಾಲದ ವಿಭಾಗದಲ್ಲೇ. ಕಳೆದ ನವೆಂಬರ್‌ನಲ್ಲಿ ಒಬ್ಬ ಅಜ್ಜ ಸಾಲದ ನವೀಕರಣಕ್ಕೆ ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆ. ಕೇಳಿದ್ದನ್ನೇ ಎರಡನೇ ಸಲ ಕೇಳಿದರು. ನಾನು ಕೂಗಾಡಿಬಿಟ್ಟೆ. ಅವರು ಚೀಲವನ್ನು ನನ್ನ ಟೇಬಲ್ ಮೇಲಿಟ್ಟು ಎದ್ದು ಹೋದರು. ಸಂಜೆ ಎಲ್ಲರೂ ಹೋದ ಮೇಲೂ ಚೀಲ ಅಲ್ಲೇ ಇತ್ತು. ಒಂದು ಹಣ್ಣು ಸುಲಿಯಲೂ ಕೈ ಬರಲಿಲ್ಲ. ಅಷ್ಟರಲ್ಲಾಗಲೇ ಒಂದೇ ಅರ್ಜಿಯನ್ನು ಮೂರು ಸಲ ಓದಿದರೂ ತಲೆಗೆ ಹೋಗದ ಸ್ಥಿತಿ ಬಂದಿತ್ತು. ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ ಒಳಗೆ ಹೋಗಲು ಆಗದೆ ಇಪ್ಪತ್ತು ನಿಮಿಷ ಅಲ್ಲೇ ಕೂತಿರುತ್ತಿದ್ದೆ.

ಡಾಕ್ಟರ್ ಮೊದಲು ರಕ್ತ ಪರೀಕ್ಷೆ ಮಾಡಿಸಿದರು: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಮುಟ್ಟು ಹೇಗಿದೆ, ನಿದ್ದೆ ಬರುತ್ತದೆಯಾ ಅಂತೆಲ್ಲ ವಿಚಾರಿಸಿದರು. ನನ್ನ ವಯಸ್ಸಿನ ಹೆಂಗಸರು ಇದನ್ನು ಬಿಟ್ಟು ನೇರ ರೆಸಾರ್ಟ್ ಬುಕ್ ಮಾಡಬೇಡಿ. ಎಲ್ಲ ಸರಿ ಇದೆ ಅಂದ ಮೇಲೆ ಅವರು ಬರ್ನೌಟ್ ಅನ್ನುವ ಮಾತು ತೆಗೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆಗಳನ್ನೂ ಆರೋಗ್ಯ ಸಮಸ್ಯೆಗಳನ್ನೂ ವಿಂಗಡಿಸುವ ತನ್ನ ಐಸಿಡಿ-11 ಪಟ್ಟಿಗೆ ಸೇರಿಸಿದೆಯಂತೆ. ಕಾಯಿಲೆ ಅಂತ ಅಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ. ಸುಸ್ತು, ಕೆಲಸ ಕಂಡರೆ ಬೇಸರ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ಮೂರಕ್ಕೆ ಮೂರೂ ನನಗಿತ್ತು. ರಾತ್ರಿ ತೀರಾ ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟರು. ಒಂದು ರಾತ್ರಿ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ.

ಇನ್ನು ಹೋಂಸ್ಟೇ ವಿಷಯ. ಹೆಸರು ಹಾಕುತ್ತಿಲ್ಲ, ಕಾರಣ ಇದೆ. ಹೋದ ಮೇಲೆ ಗೊತ್ತಾಯಿತು, ಅವರು ನಮ್ಮ ಶಾಖೆಯ ಗ್ರಾಹಕರೇ. ಕೊಡಗು ಅಷ್ಟೇ ದೊಡ್ಡದು ನೋಡಿ. ವಿರಾಜಪೇಟೆ ದಾಟಿ ಸುಮಾರು ಒಂದು ಗಂಟೆ ದಾರಿ, ಕೊನೆಯ ಎರಡು ಕಿಲೋಮೀಟರ್ ಜೀಪ್ ರಸ್ತೆ. ಮೂರು ರಾತ್ರಿ, ಊಟ, ತಡಿಯಂಡಮೋಳ್ ಚಾರಣ, ಜೊತೆಗೆ 'ಗುರಿ ನಿರ್ಧಾರ ಶಿಬಿರ', ಎಲ್ಲ ಸೇರಿ 13,500 ರೂಪಾಯಿ. ಜನವರಿ ಮೂರನೇ ವಾರ ಹೋದೆ.

ಶಿಬಿರ ನಡೆಸಿದ ಹುಡುಗ ಬೆಂಗಳೂರಿನವನು, ಮೂವತ್ತು ದಾಟಿರಲಿಕ್ಕಿಲ್ಲ. ಪಾಪ, ಒಳ್ಳೆಯವನೇ. ಎಲ್ಲರಿಗೂ ಒಂದೊಂದು ಬಣ್ಣದ ಹಾಳೆ ಕೊಟ್ಟ. ಒಂದು ವರ್ಷದ ಗುರಿ, ಐದು ವರ್ಷದ ಗುರಿ, ಹತ್ತು ವರ್ಷದ ಗುರಿ ಬರೆಯಬೇಕು. ಹತ್ತು ವರ್ಷಕ್ಕೆ ನನಗೆ 58. 60ಕ್ಕೆ ನಿವೃತ್ತಿ. ಆ ಖಾನೆಯಲ್ಲಿ ಮಂಡಿ ನೋವು ಅಂತ ಬರೆಯೋಣ ಅನ್ನಿಸಿತು. ಗುರಿ ಇಟ್ಟು ಇಟ್ಟೇ ಸೋತು ಬಂದವಳು ನಾನು, ಅಲ್ವಾ? ಬ್ಯಾಂಕಿನಲ್ಲಿ ಟಾರ್ಗೆಟ್ ಇಲ್ಲದ ತಿಂಗಳು ಯಾವುದಿದೆ? ಮತ್ತೆ ಅದೇ ಹಾಳೆ, ಬಣ್ಣ ಮಾತ್ರ ಬೇರೆ. ಪಕ್ಕದಲ್ಲಿದ್ದ ಮೈಸೂರಿನ ಮೇಷ್ಟ್ರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾನು ಅದರ ಮೇಲೆ ಕಾಫಿ ಲೋಟ ಇಟ್ಟೆ.

ಮರುದಿನ ಚಾರಣ. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ನಾಲ್ಕುನಾಡು ಅರಮನೆ ಕಡೆಯಿಂದ ಹತ್ತಬೇಕು. "ಶಿಖರ ಮುಟ್ಟಿದರೆ ಏನು ಬೇಕಾದರೂ ಸಾಧಿಸಬಹುದು" ಅಂದ ಹುಡುಗ. ನಾನು ಅರ್ಧ ದಾರಿಯ ಬಂಡೆಯ ಹತ್ತಿರ ಕೂತು, ತಂದಿದ್ದ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ) ತಿಂದು, ಇಳಿದು ಬಂದೆ. ಅದಕ್ಕೆ ಬೇಜಾರೇನೂ ಆಗಲಿಲ್ಲ.

ನಾನು ಇದನ್ನೆಲ್ಲ ಬರೆಯುತ್ತಿರುವುದು ಮೂರನೇ ದಿನಕ್ಕಾಗಿ. ಅದು ಪ್ಯಾಕೇಜಿನಲ್ಲಿ ಇರಲೇ ಇಲ್ಲ.

ರೊಬಸ್ಟಾ ಜಾತಿಯ ಕಾಫಿ ಕೊಯ್ಲು ನಡೆಯುತ್ತಿತ್ತು. ಬೆಳಿಗ್ಗೆ ಜೀಪಿನಲ್ಲಿ ಹೆಂಗಸರು ಬಂದಿಳಿದರು. ಎಷ್ಟು ಕಾಫಿ ಸಾಲ ಬರೆದಿದ್ದೇನೆ ನಾನು! ಎಕರೆ ಲೆಕ್ಕ, 50 ಕೆ.ಜಿ. ಚೀಲದ ಲೆಕ್ಕ ಬಾಯಿಪಾಠ. ಒಂದು ಕಾಯಿ ಕಿತ್ತವಳಲ್ಲ. ನಮ್ಮದು ಪೇಟೆಯಲ್ಲಿ ಪುಸ್ತಕದ ಅಂಗಡಿ, ತೋಟ ಇಲ್ಲ. "ನಾನೂ ಬರಲಾ ಅಕ್ಕಾ?" ಅಂತ ಮನೆಯಾಕೆಯನ್ನು ಕೇಳಿದೆ. ಅವರು ನಕ್ಕು ಒಂದು ಹಳೆ ಅಂಗಿ ಕೊಟ್ಟರು.

ಗಿಡದ ಬುಡಕ್ಕೆ ಟಾರ್ಪಾಲ್ ಹಾಸುತ್ತಾರೆ. ರೊಬಸ್ಟಾ ಕಾಯಿ ಗೆಣ್ಣಿಗೆ ಗೊಂಚಲಾಗಿ ಒತ್ತಿಕೊಂಡಿರುತ್ತದೆ. ಗೊಂಚಲನ್ನು ಬೆರಳುಗಳ ಮಧ್ಯೆ ಹಿಡಿದು ತಿರುವಿ ಎಳೆಯಬೇಕು. ಬರೀ ಎಳೆದರೆ ಎಲೆಯೂ ಬರುತ್ತದೆ. "ಮೇಡಂ, ಎಲೆ ಕೀಳ್ಬೇಡಿ, ಮುಂದಿನ ವರ್ಷಕ್ಕೆ ಗಿಡ ಬೇಕಲ್ಲ" ಅಂದಳು ಪಕ್ಕದ ಸಾಲಿನವಳು. ಪಿರಿಯಾಪಟ್ಟಣ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳಿರಬಹುದು. ಕೆಂಪಿರುವೆ ಕಚ್ಚಿದರೆ ಅವಳು ಉಜ್ಜಿಕೊಂಡು ಮುಂದೆ ಹೋಗುತ್ತಾಳೆ, ನಾನು ಕುಣಿಯುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಅಂಟು, ಉಗುರು ಕಪ್ಪು. ಆದರೆ ಒಂದು ವಿಷಯ ಆಮೇಲೆ ಹೊಳೆಯಿತು. ನಾಲ್ಕು ಗಂಟೆ ಹೊತ್ತು ನಾನು ಬಾಕಿ ಫೈಲುಗಳನ್ನು ನೆನೆಸಿಕೊಂಡಿರಲಿಲ್ಲ.

ಸಂಜೆ ನಾಲ್ಕೂವರೆಗೆ ತೂಕ. ಮರದ ಕೊಂಬೆಗೆ ತಕ್ಕಡಿ ತೂಗುಹಾಕಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕೂತರು. ಚೀಲ ಏರುತ್ತದೆ, ಮುಳ್ಳು ಅಲ್ಲಾಡಿ ನಿಲ್ಲುತ್ತದೆ, ರೈಟರ್ ಕೂಗಿ ಹೇಳಿ ಬರೆಯುತ್ತಾರೆ. ಪಕ್ಕದ ಸಾಲಿನವಳದ್ದು 112 ಕಿಲೋ. ನನ್ನದು 19. ಪುಸ್ತಕದಲ್ಲಿ 'ಬ್ಯಾಂಕ್ ಮೇಡಂ, 19' ಅಂತ ಬಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ರೈಟರ್ ಪುಸ್ತಕ ಮುಚ್ಚಿದರು. ಗಿಡದಲ್ಲಿ ಇನ್ನೂ ಕಾಯಿ ಎಷ್ಟು ಉಳಿದಿದೆ ಅಂತ ಯಾರೂ ಎಣಿಸಲಿಲ್ಲ. ಇವತ್ತಿನದು ಮುಗಿಯಿತು, ಜೀಪ್ ಹತ್ತಿ ಹೊರಟರು.

ಇದನ್ನು ಚಂದದ ಕಥೆ ಮಾಡುವುದು ನನಗಿಷ್ಟವಿಲ್ಲ. ಆ ತೋಟದಲ್ಲಿ ಕಿತ್ತ ಕಿಲೋಗೆ ಐದು ರೂಪಾಯಿ ಕೂಲಿ. ಅವಳು ಅದರಲ್ಲಿ ಮಗಳ ಕಾಲೇಜು ಫೀಸು ಕಟ್ಟಬೇಕು. ಒಂದು ದಿನ ಬಂದು ಕಿತ್ತು ಹೋಗುವವಳಿಗೆ ಅವಳ ಸೊಂಟ ನೋವು ಗೊತ್ತಾಗುವುದಿಲ್ಲ. ನನ್ನ 95 ರೂಪಾಯಿಯನ್ನು ಅವಳ ಲೆಕ್ಕಕ್ಕೇ ಸೇರಿಸಿ ಅಂದೆ.

ಸಂಜೆ ಮನೆಯ ಯಜಮಾನರು ಕಣದ ಪಕ್ಕದ ಹಳೆ ಗಿಡಗಳ ಸಾಲು ತೋರಿಸಿದರು. ವಯಸ್ಸಾಗಿ ಬೆಳೆ ಕಮ್ಮಿಯಾದ ರೊಬಸ್ಟಾವನ್ನು ನೆಲದಿಂದ ಒಂದಡಿ ಎತ್ತರಕ್ಕೆ ಓರೆಯಾಗಿ ಕತ್ತರಿಸಿದ್ದರು. ಬುಡದಿಂದ ಹೊಸ ಚಿಗುರು ಬಂದಿತ್ತು. ಗಟ್ಟಿ ಇರುವ ಒಂದೆರಡನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯಬೇಕಂತೆ. ನನ್ನ ಕಣ್ಣು ತುಂಬಿತು. "ನನಗೂ ಇದೇ ಬೇಕಿತ್ತು ಅಣ್ಣಾ" ಅಂದೆ. ಅವರು ನನ್ನ ಮುಖ ನೋಡಿದರು. "ಕತ್ತರಿಸಿದ್ರೆ ಎರಡು ಮೂರು ವರ್ಷ ಬೆಳೆ ಇಲ್ಲ ಮೇಡಂ. ಆ ವರ್ಷದ ಸಾಲಕ್ಕೆ ನೀವು ಸಹಿ ಹಾಕ್ತೀರಾ?" ಹಾಕುತ್ತಿರಲಿಲ್ಲ. ಅದಕ್ಕೇ ಅವರು ಇಡೀ ತೋಟ ಕತ್ತರಿಸಿಲ್ಲ, ವರ್ಷಕ್ಕೆ ಒಂದು ಪಟ್ಟಿ ಮಾತ್ರ. ಕೆಲಸ ಬಿಡುವ ಯೋಚನೆ ಆ ರಾತ್ರಿ ನನ್ನ ತಲೆಯಿಂದ ಹೋಯಿತು. ನಮಗೂ ಮನೆ ಸಾಲ ಇದೆ.

ವಾಪಸ್ ಬಂದು ಆರು ವಾರ ಆಯಿತು. ಮಗನ ಹಳೆ ನೋಟ್‌ಬುಕ್ ಒಂದನ್ನು ಡ್ರಾಯರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಸಂಜೆ ಆರಕ್ಕೆ ಅದರಲ್ಲಿ ಇವತ್ತು ಮುಗಿಸಿದ ಫೈಲುಗಳ ಸಂಖ್ಯೆ ಬರೆಯುತ್ತೇನೆ. ಬಾಕಿ ಎಷ್ಟು ಅಂತ ಅದರಲ್ಲಿ ಬರೆಯುವುದಿಲ್ಲ, ಅದನ್ನು ಕಂಪ್ಯೂಟರ್ ಹೇಗೂ ಹೇಳುತ್ತದೆ. ಬರೆದು ಮುಚ್ಚಿ ಹೊರಡುತ್ತೇನೆ. ವಾರಕ್ಕೆ ಎರಡು ದಿನ ತಪ್ಪುತ್ತದೆ. ಎರಡನೇ, ನಾಲ್ಕನೇ ಶನಿವಾರ ರಜೆ ಇದ್ದರೂ ಶಾಖೆಗೆ ಹೋಗುತ್ತಿದ್ದವಳು ಈಗ ಹೋಗುತ್ತಿಲ್ಲ. ಕಿತ್ತಳೆ ತಂದ ಅಜ್ಜನ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರಿಗೆ ನೆನಪೇ ಇರಲಿಲ್ಲ, ಅಥವಾ ಹಾಗೆ ಅಂದರು.

ಅಂಕ ಐದಕ್ಕೆ ಮೂರೂವರೆ. ಊಟಕ್ಕೆ ಪೂರ್ತಿ ಐದು. ನೂಪುಟ್ಟು (ಅಕ್ಕಿ ಶಾವಿಗೆ) ಕೋಳಿ ಕರಿ ಎರಡು ದಿನವೂ ಕೇಳಿ ಹಾಕಿಸಿಕೊಂಡೆ, ಪಂದಿ (ಹಂದಿ) ಕರಿಗೆ ಮನೆಯದ್ದೇ ಕಾಚಂಪುಳಿ, ನಮ್ಮ ಕಡೆಯ ಕಪ್ಪು ಹುಳಿ. ಅಂಕ ಕಳೆದಿದ್ದು ಬಿಸಿನೀರಿಗೆ (ಬೆಳಿಗ್ಗೆ ಏಳರ ನಂತರ ಹಂಡೆ ಖಾಲಿ), 'ನೆಟ್‌ವರ್ಕ್ ಇಲ್ಲ' ಅನ್ನುವ ಸುಳ್ಳು ಜಾಹೀರಾತಿಗೆ (ಜಗಲಿಯಲ್ಲಿ ನನಗೆ ಚೆನ್ನಾಗೇ ಸಿಗುತ್ತಿತ್ತು, ಮ್ಯಾನೇಜರ್ ಎರಡು ಸಲ ಕರೆ ಮಾಡಿದರು), ಮತ್ತೆ ಆ ಬಣ್ಣದ ಹಾಳೆಗೆ.

ಹೋಗುವವರು ಶಿಬಿರ ಬೇಡ ಅಂತ ಮೊದಲೇ ಹೇಳಿ, 2,500 ಕಮ್ಮಿ ಮಾಡುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಹೋದರೆ ಕೊಯ್ಲು ಸಿಗುತ್ತದೆ. ತುಂಬು ತೋಳಿನ ಹಳೆ ಅಂಗಿ ಒಯ್ಯಿರಿ. ಅಕ್ಕನ ಹತ್ತಿರ ಇದ್ದ ಒಂದನ್ನು ನಾನು ಹರಿದು ಬಂದಿದ್ದೇನೆ.