ಮನೆ ಮುಂದೆ ಆರ್‌ವಿಗೆ ಕರೆಂಟ್: ಗ್ಯಾರೇಜ್ ಸಾಕೆಟ್ಟೋ, ಕಾರ್ ಚಾರ್ಜರಿನ ಸಾಕೆಟ್ಟೋ, ಹೊಸ 30 ಆಂಪ್ ಲೈನೋ?

ಅಮೆರಿಕದಲ್ಲಿ ಆರ್‌ವಿ (ಒಳಗೇ ಅಡುಗೆ, ನಿದ್ದೆ ಎಲ್ಲ ಆಗುವ ಪ್ರವಾಸದ ಗಾಡಿ) ಇಟ್ಟುಕೊಂಡವರ ಬಾಯಲ್ಲಿ ಮತ್ತೆ ಮತ್ತೆ ಬರುವ ದೂರು ಇದು: "ಕ್ಯಾಂಪ್‌ಗ್ರೌಂಡಿನಲ್ಲಿ ಎಲ್ಲ ಸರಿಯಾಗಿತ್ತು, ಮನೇಲಿ ಪ್ಲಗ್ ಹಾಕಿದ ತಕ್ಷಣ ಟ್ರಿಪ್." ಆಸ್ಟಿನ್ ಹತ್ತಿರದ ನಮ್ಮ ಮನೆಯಲ್ಲೂ ಇದೇ ಕಥೆ. ನಮ್ಮದು 24 ಅಡಿಯ ಕ್ಲಾಸ್ ಸಿ (ವ್ಯಾನ್ ಚಾಸಿಸ್ ಮೇಲೆ ಕಟ್ಟಿದ) ಗಾಡಿ, ಸೆಕೆಂಡ್ ಹ್ಯಾಂಡ್, 30 ಆಂಪ್ ಪ್ಲಗ್ಗಿನದು. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ನಿಯಮದಂತೆ ಅದನ್ನು ಡ್ರೈವ್‌ವೇಯಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಅಷ್ಟರೊಳಗೆ ಬ್ಯಾಟರಿ ತುಂಬಬೇಕು, ಫ್ರಿಜ್ ತಣ್ಣಗಾಗಬೇಕು. ಟೆಕ್ಸಸ್ಸಿನ ಜುಲೈ ಬಿಸಿಲಲ್ಲಿ ಸಾಮಾನು ಜೋಡಿಸುವಷ್ಟು ಹೊತ್ತಾದರೂ ಎಸಿ ಓಡಬೇಕು. ಇದಕ್ಕೆ ಮೂರು ದಾರಿ ಬಳಸಿ ನೋಡಿದ್ದೇನೆ.

ಮೊದಲನೆಯದು ಗ್ಯಾರೇಜಿನ 15 ಆಂಪ್ ಸಾಕೆಟ್ಟಿಗೆ ಡಾಗ್‌ಬೋನ್ ಅಡಾಪ್ಟರ್ (ಎರಡು ತುದಿಗೆ ಬೇರೆ ಬೇರೆ ಅಳತೆಯ ಪ್ಲಗ್ ಇರುವ ತುಂಡು ವೈರ್) ಸಿಕ್ಕಿಸುವುದು. ತೀರಾ ಅಗ್ಗ. 120 ವೋಲ್ಟಿಗೆ 15 ಆಂಪ್ ಅಂದರೆ 1800 ವ್ಯಾಟ್. ಗಂಟೆಗಟ್ಟಲೆ ಎಳೆಯುವುದಾದರೆ 1440 ವ್ಯಾಟಿಗೆ ನಿಲ್ಲಿಸಬೇಕು. ಗಾಡಿಯ ಗೀಸರ್ ಎಲಿಮೆಂಟ್ ಒಂದೇ ಆ 1440ನ್ನೂ ತಿನ್ನುತ್ತದೆ. ಬ್ಯಾಟರಿ ಇಳಿದಿದ್ದರೆ ಕನ್ವರ್ಟರ್ (ಬ್ಯಾಟರಿಗೆ 12 ವೋಲ್ಟಿನಲ್ಲಿ 55 ಆಂಪ್ ತುಂಬುವ ಚಾರ್ಜರ್) ಮೊದಮೊದಲು ಗೋಡೆಯಿಂದ 7–8 ಆಂಪ್ ಎಳೆಯುತ್ತದೆ. ಫ್ರಿಜ್ ಮತ್ತು ಬ್ಯಾಟರಿ, ಇವೆರಡಕ್ಕೆ ಈ ಸಾಕೆಟ್ ಧಾರಾಳ ಸಾಕು. ಎಸಿಗೆ ಮಾತ್ರ ಆಗುವುದಿಲ್ಲ. 13,500 ಬಿಟಿಯು (ಒಂದು ಟನ್ನಿಗೆ ತುಸು ಮೇಲಿನ) ಎಸಿ ಓಡುವಾಗಲೇ ಸುಮಾರು 13 ಆಂಪ್, ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಅದರ ಕೆಲವು ಪಟ್ಟು.

ಇಲ್ಲಿ ಎಕ್ಸ್‌ಟೆನ್ಶನ್ ವೈರಿನ ಪಾಲೂ ದೊಡ್ಡದು. ಅಂಗಡಿಯಲ್ಲಿ ಸಿಗುವ 16 ಗೇಜಿನ (ಗೇಜ್ ಅಂಕಿ ಹೆಚ್ಚಿದಷ್ಟೂ ವೈರ್ ತೆಳು) 50 ಅಡಿಯ ಕಿತ್ತಳೆ ವೈರಿನಲ್ಲಿ ಹೋಗಿಬರುವ ದಾರಿ ಸೇರಿ 0.4 ಓಮ್ ತಡೆ ಇರುತ್ತದೆ. 13 ಆಂಪಿಗೆ ಅಲ್ಲೇ 5 ವೋಲ್ಟ್ ಖೋತಾ, ಕಂಪ್ರೆಸರ್ ಏಳುವಾಗ ಇನ್ನೂ ಹೆಚ್ಚು. ಲೋ ವೋಲ್ಟೇಜಿಗೆ ಪಂಪ್‌ಸೆಟ್ ಮೋಟರ್ ಸುಟ್ಟ ಊರಿನಿಂದ ಬಂದವರಿಗೆ ಇದರ ಪರಿಣಾಮ ವಿವರಿಸಬೇಕಿಲ್ಲ. 10 ಗೇಜಿನ ವೈರಾದರೆ ಅದೇ 13 ಆಂಪಿಗೆ ನಷ್ಟ ಒಂದೂಕಾಲು ವೋಲ್ಟ್ ಆಸುಪಾಸು. ಗಾಡಿಗೆ ಇಎಂಎಸ್ (ವೋಲ್ಟೇಜ್ ಕಾಯುವ ರಕ್ಷಣಾ ಸಾಧನ) ಹಾಕಿಸಿದ್ದರೆ ಸುಮಾರು 104 ವೋಲ್ಟಿಗಿಂತ ಕೆಳಗಿಳಿದ ಕೂಡಲೇ ಅದು ತಾನೇ ಲೈನ್ ಕಡಿಯುತ್ತದೆ. ಹಾಗಾಗಿ ಕರೆಂಟ್ ಹೋದಾಗ ಮೊದಲು ನೋಡಬೇಕಾದ್ದು ಏನು ಬಿತ್ತು ಅನ್ನುವುದನ್ನು. ಪ್ಯಾನೆಲ್ಲಿನ ಬ್ರೇಕರ್ ಬಿದ್ದರೆ ಬಹುತೇಕ ಲೋಡ್ ಜಾಸ್ತಿ. ಇಎಂಎಸ್ ಕಡಿದಿದ್ದರೆ ಅದರ ಪರದೆಯ ಕೋಡ್ ಓದಿ, ಹೆಚ್ಚಾಗಿ ವೋಲ್ಟೇಜಿನ ತಕರಾರೇ. ಸಾಕೆಟ್ಟಿನ ಮೇಲಿನ ಜಿಎಫ್‌ಸಿಐ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸಾಧನ) ಗುಂಡಿ ಹಾರಿದ್ದರೆ ಅದು ಬೇರೆಯದೇ ಜಾತಿಯ ರೋಗ, ಕರೆಂಟ್ ಅರ್ತಿಗೆ ಸೋರುತ್ತಿದೆ.

ನಮ್ಮಲ್ಲಿ ಹಾರುತ್ತಿದ್ದದ್ದು ಈ ಗುಂಡಿಯೇ, ಅದೂ ಯಾವ ಲೋಡೂ ಇಲ್ಲದಾಗ. ಊರಿನ ಮನೆಗಳಲ್ಲಿ ಇದೇ ಕೆಲಸಕ್ಕೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿನದು. ಇಲ್ಲಿನ ಜಿಎಫ್‌ಸಿಐ 4ರಿಂದ 6 ಮಿಲಿಆಂಪ್ ಸೋರಿದರೇ ಕಡಿಯುತ್ತದೆ. ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿರುವ 30 ಆಂಪ್ ಸಾಕೆಟ್ಟಿಗೆ ಸಾಮಾನ್ಯವಾಗಿ ಜಿಎಫ್‌ಸಿಐ ಇರುವುದೇ ಇಲ್ಲ, ವೈರಿಂಗ್ ನಿಯಮಾವಳಿ (ಕೋಡ್) ಅದನ್ನು ಕೇಳುವುದೂ ಇಲ್ಲ. ಅಲ್ಲಿ "ಸರಿಯಾಗಿತ್ತು" ಅನ್ನುವುದರ ಗುಟ್ಟು ಇಷ್ಟೇ. ಸೋರಿಕೆ ಅಲ್ಲೂ ಇತ್ತು, ಹೇಳುವವರು ಇರಲಿಲ್ಲ.

ಹುಡುಕುವ ಕ್ರಮ ಹೀಗೆ. ಗಾಡಿಯ ಮೇನ್ ಮತ್ತು ಎಲ್ಲ ಬ್ರೇಕರ್ ಆಫ್ ಮಾಡಿ ಪ್ಲಗ್ ಹಾಕಿ. ನಿಂತರೆ ಮೇನ್ ಆನ್ ಮಾಡಿ, ಆಮೇಲೆ ಒಂದೊಂದೇ ಬ್ರೇಕರ್. ಯಾವುದಕ್ಕೆ ಹಾರಿತೋ ಕಳ್ಳ ಅಲ್ಲೇ. ಎಲ್ಲ ಆಫ್ ಇದ್ದೂ ಹಾರಿದರೆ ಹೆಚ್ಚಿನವರು ವೈರನ್ನೋ ಅಡಾಪ್ಟರನ್ನೋ ಬೈಯುತ್ತಾರೆ. ಅವನ್ನೂ ನೋಡಿ, ಒದ್ದೆ ಪ್ಲಗ್ಗಿಗೂ ಹಾರುತ್ತದೆ. ಆದರೆ ಬ್ರೇಕರ್ ಕಡಿಯುವುದು ಫೇಸ್ ವೈರನ್ನು ಮಾತ್ರ ಅನ್ನುವುದನ್ನು ಮರೆಯಬಾರದು. ನ್ಯೂಟ್ರಲ್ ವೈರುಗಳೆಲ್ಲ ಪ್ಯಾನೆಲ್ಲಿನ ಬಾರಿನಲ್ಲಿ (ಒಂದೇ ಲೋಹದ ಪಟ್ಟಿ) ಸೇರಿಕೊಂಡೇ ಇರುತ್ತವೆ. ಗಾಡಿಯೊಳಗೆ ಎಲ್ಲಾದರೂ ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಜಿಎಫ್‌ಸಿಐ ಅದನ್ನು ಲೋಡ್ ಇಲ್ಲದೆಯೂ ಗುರುತಿಸುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ಕೂಡಬೇಕಾದ್ದು ಮನೆಯ ಮೇನ್ ಪ್ಯಾನೆಲ್ಲಿನಲ್ಲಿ ಮಾತ್ರ, ಗಾಡಿಯ ಪ್ಯಾನೆಲ್ಲಿನಲ್ಲಿ ಅಲ್ಲ. ಜನರೇಟರಿಗೆಂದು ತಂದ ಬಾಂಡಿಂಗ್ ಪ್ಲಗ್ಗನ್ನು (ನ್ಯೂಟ್ರಲ್ ಮತ್ತು ಅರ್ತನ್ನು ಒಳಗೇ ಕೂಡಿಸುವಂಥದ್ದು) ಹಿಂದಿನ ಮಾಲೀಕರು ಗಾಡಿಯ ಯಾವುದೋ ಸಾಕೆಟ್ಟಿನಲ್ಲಿ ಬಿಟ್ಟುಹೋಗಿದ್ದರೂ ಇದೇ ಫಲ.

ಪ್ಲಗ್ ಕಿತ್ತು, ಇನ್ವರ್ಟರ್ ಮತ್ತು ಜನರೇಟರ್ ಆಫ್ ಮಾಡಿ, ಬಾರಿನಿಂದ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಡಿಸಿದಾಗ ಗೀಸರಿನದು ಸಿಕ್ಕಿಬಿತ್ತು. ತೊಟ್ಟಿಯಲ್ಲಿ ನೀರಿಲ್ಲದಾಗ ಆನ್ ಮಾಡಿದರೆ ಎಲಿಮೆಂಟಿನ ಕವಚ ಸೀಳುತ್ತದೆ. ನೀರು ಒಳಗಿನ ತಂತಿಗೆ ತಾಗುತ್ತದೆ, ಸ್ವಿಚ್ ಆಫ್ ಇದ್ದರೂ ನ್ಯೂಟ್ರಲ್ ಕಡೆಯಿಂದ ಸೋರುತ್ತದೆ. ಮಲ್ಟಿಮೀಟರಿನಲ್ಲಿ ಎಲಿಮೆಂಟಿನ ಎರಡು ತುದಿಯ ನಡುವೆ 10 ಓಮ್ ಬರಬೇಕು. ತುದಿಗೂ ಗೀಸರಿನ ಮೈಗೂ ನಡುವೆ ಏನೂ ತೋರಿಸಬಾರದು. ನಮ್ಮದರಲ್ಲಿ ತೋರಿಸಿತು. ಹೊಸ ಎಲಿಮೆಂಟಿನ ಖರ್ಚು ನಾಲ್ಕು ಜನರ ದೋಸೆ ಬಿಲ್ಲಿಗಿಂತ ಕಡಿಮೆ.

ಗ್ಯಾರೇಜ್ ಸಾಕೆಟ್ಟಿನ ಇನ್ನೊಂದು ಕಿರಿಕಿರಿ: ಅದೇ ಜಿಎಫ್‌ಸಿಐ ಹಿಂದೆ ಮನೆಯ ಬೇರೆ ಸಾಕೆಟ್ಟುಗಳೂ ಇರಬಹುದು. ನಮ್ಮಲ್ಲಿ ಎರಡನೇ ಫ್ರಿಜ್ಜಿತ್ತು. ರಾತ್ರಿ ಹಾರಿದರೆ ಬೆಳಿಗ್ಗೆ ತೆಂಗಿನತುರಿಯ ಪ್ಯಾಕೆಟ್ಟುಗಳೆಲ್ಲ ನೀರು.

ಎರಡನೇ ದಾರಿ ಕಾರ್ ಚಾರ್ಜರಿನ 14-50 ಸಾಕೆಟ್ಟು (240 ವೋಲ್ಟ್, 50 ಆಂಪಿನದು). 50ರಿಂದ 30ಕ್ಕೆ ಇಳಿಸುವ ಡಾಗ್‌ಬೋನ್ ಅದರ ಒಂದು ಫೇಸ್ ಮತ್ತು ನ್ಯೂಟ್ರಲ್ ಹಿಡಿದು 120 ವೋಲ್ಟ್ ಕೊಡುತ್ತದೆ. ಎಸಿ ಸಲೀಸಾಗಿ ಎದ್ದಿತು, ಜೊತೆಗೆ ಕುಕ್ಕರಿನಲ್ಲಿ ಬಿಸಿಬೇಳೆ ಭಾತೂ ಆಯಿತು. ಕೈಗೆ ಸಿಗುವ ಸುಖದಲ್ಲಿ ಮೂರರಲ್ಲಿ ಇದೇ ಮುಂದು. ಆದರೂ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಜಿಎಫ್‌ಸಿಐ ನಿಯಮ ಬರುವ ಮೊದಲೇ ಹಾಕಿಸಿದ್ದರಿಂದ ನಮ್ಮ 14-50ಕ್ಕೆ ಅದಿಲ್ಲ; ಸೀಳಿದ ಎಲಿಮೆಂಟ್ ಇಟ್ಟುಕೊಂಡೇ ಗಾಡಿ ಇದರಲ್ಲಿ ನಿಶ್ಚಿಂತೆಯಿಂದ ನಡೆದಿತ್ತು. ಇಂಥ ಗಾಡಿಯ ಅರ್ತ್ ವೈರ್ ಎಲ್ಲಾದರೂ ಕಡಿದರೆ ಇಡೀ ಮೈಗೆ ಕರೆಂಟ್ ಬರಬಹುದು. ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಶಾಕ್. ಟ್ರಿಪ್ ತಪ್ಪಿಸಲು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವವರೂ ಇದ್ದಾರೆ. ಅವರ ಗಾಡಿಯನ್ನು ನಾನು ಮುಟ್ಟುವುದಿಲ್ಲ.

ಕಾರಿಗೆ ನ್ಯೂಟ್ರಲ್ ಬೇಡವಾದ್ದರಿಂದ ಕೆಲವು ಎಲೆಕ್ಟ್ರಿಷಿಯನ್ನರು ಅದನ್ನು ಎಳೆದೇ ಇರುವುದಿಲ್ಲ. 30 ಆಂಪ್ ಗಾಡಿಯಾದರೆ ಅಲ್ಲಿ ಏನೂ ಆನ್ ಆಗುವುದಿಲ್ಲ, ಅಷ್ಟೇ. 50 ಆಂಪ್ ಗಾಡಿಯಾದರೆ ಉಪಕರಣಗಳ ಮೇಲೆ 240ರವರೆಗೂ ಏರಿ ಸುಟ್ಟುಹೋಗಬಹುದು. ಇದೆಲ್ಲ ಇಲ್ಲದಿದ್ದರೂ ಮನೆಯಾಕೆಯ ಪ್ರಶ್ನೆ ಇದ್ದೇ ಇದೆ: "ರೀ, ನಾಳೆ ಆಫೀಸಿಗೆ ಹೋಗೋಕೆ ಕಾರ್ ಚಾರ್ಜ್ ಮಾಡೋದು ಎಲ್ಲಿ?"

ಬ್ಯಾಟರಿ ಒಂದೇ ಚಿಂತೆಯಾದವರು ಗಾಡಿಯ ಚಾವಣಿಗೆ 100 ವ್ಯಾಟಿನ ಸೋಲಾರ್ ಫಲಕ ಹಾಕಿಸಿ ಸುಮ್ಮನಿರಬಹುದು.

ನಾವು ಉಳಿಸಿಕೊಂಡದ್ದು ಮೂರನೆಯದು, ಹೊರಗೋಡೆಯಲ್ಲಿ ಪ್ರತ್ಯೇಕ ಟಿಟಿ-30 ಸಾಕೆಟ್ಟು (ಆರ್‌ವಿಗಳಿಗೆಂದೇ ಇರುವ 120 ವೋಲ್ಟಿನದು). 10 ಗೇಜಿನ ತಾಮ್ರದ ವೈರ್, 30 ಆಂಪಿನ ಸಿಂಗಲ್ ಪೋಲ್ ಬ್ರೇಕರ್, 3600 ವ್ಯಾಟ್. ಪರ್ಮಿಟ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಎಲ್ಲ ಸೇರಿ ಖರ್ಚು ಜಾಸ್ತಿಯೇ. 2020ರ ಎನ್‌ಇಸಿ (ಅಮೆರಿಕದ ರಾಷ್ಟ್ರೀಯ ವಿದ್ಯುತ್) ಕೋಡಿನಿಂದ ಮನೆಯ ಹೊರಗಿನ ಇಂಥ ಸಾಕೆಟ್ಟಿಗೂ ಜಿಎಫ್‌ಸಿಐ ಬೇಕು, ಅದರ ಬ್ರೇಕರ್ ಇನ್ನೂ ದುಬಾರಿ. ಹಾಕಿಸಿದೆವು. ಗೀಸರ್ ಸರಿಯಾದ ಮೇಲೆ ಅದು ಎಸಿ ಹೊತ್ತೂ ನಿಂತಿದೆ. ಮಳೆ ಬಂದ ಬೆಳಿಗ್ಗೆ ಒಮ್ಮೊಮ್ಮೆ ಹಾರುತ್ತದೆ, ಪ್ಲಗ್ ಒರೆಸಿ ಒಣಗಿಸಿದರೆ ಮತ್ತೆ ನಿಲ್ಲುತ್ತದೆ.

ಈ ದಾರಿಯ ಅಪಾಯ ಮೊದಲ ದಿನದ್ದು. ಟಿಟಿ-30 ಮೂರು ಪಿನ್ನಿನದು, ನೋಡಲು ಹಳೆಯ ಡ್ರೈಯರ್ ಸಾಕೆಟ್ಟಿನ ಹತ್ತಿರ ಹತ್ತಿರ. "30 ಆಂಪ್" ಅಂದ ಕೂಡಲೇ 240 ವೋಲ್ಟಿಗೆ ಜೋಡಿಸಿಬಿಡುವ ಎಲೆಕ್ಟ್ರಿಷಿಯನ್ನರು ಇದ್ದಾರೆ. ಕನ್ವರ್ಟರ್, ಮೈಕ್ರೋವೇವ್, ಫ್ರಿಜ್ಜಿನ ಬೋರ್ಡ್ ಒಟ್ಟಿಗೆ ಹೋಗುತ್ತವೆ. ಪ್ಯಾನೆಲ್ಲಿನಲ್ಲಿ ಜೋಡಿ ಹಿಡಿಯ ಬ್ರೇಕರ್ ಕಂಡರೆ ಅಲ್ಲೇ ತಡೆಯಿರಿ. ಗಾಡಿಯ ಪ್ಲಗ್ ಹಾಕುವ ಮುಂಚೆ ಮೀಟರ್ ಹಿಡಿದು ಅಳೆಯಿರಿ: ಫೇಸ್–ನ್ಯೂಟ್ರಲ್ 120, ಫೇಸ್–ಅರ್ತ್ 120, ನ್ಯೂಟ್ರಲ್–ಅರ್ತ್ ಸೊನ್ನೆಯ ಆಸುಪಾಸು. ಎಲ್ಲಿಯಾದರೂ 240 ಕಂಡರೆ ಎಲೆಕ್ಟ್ರಿಷಿಯನ್ನನನ್ನು ಕಾಸು ಕೊಡುವ ಮೊದಲೇ ವಾಪಸ್ ಕರೆಸಿ.